57 ಕೆಜಿ ಹುಡುಗನ ವ್ಯಾಟ್ ಕಮ್ಮಿ ಬಂದಿದೆ, ಮೈ ಬೆಳೆಸಬೇಕಾ?

ಭೋಸರಿ ಅಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಲ ಜಮಖಂಡಿ ಕಡೆ. ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಮನೆನೂ ಇಲ್ಲೇ. ಮಗನಿಗೆ 19 ವರ್ಷ. ಫ್ರೀಸ್ಟೈಲ್ ಕುಸ್ತಿ, 57 ಕೆಜಿ ವಿಭಾಗ. ಹೋದ ವಾರ ತಾಲೀಮಿನ (ಗರಡಿಯ) ಹುಡುಗರನ್ನೆಲ್ಲ ಒಂದು ಸೆಂಟರಿಗೆ ಕರೆದುಕೊಂಡು ಹೋಗಿ ವಿಂಗೇಟ್ ಟೆಸ್ಟ್ ಮಾಡಿಸಿದರು. ಸೈಕಲ್ ಮೇಲೆ ಕೂರಿಸಿ 30 ಸೆಕೆಂಡ್ ಜೀವ ಹೋಗುವ ಹಾಗೆ ತುಳಿಸುತ್ತಾರಲ್ಲ, ಅದು. ಇಳಿದ ಮೇಲೆ ಅರ್ಧ ಜನ ವಾಂತಿ ಮಾಡಿಕೊಂಡರಂತೆ.

ಮಗನ ಪೀಕ್ ಪವರ್ 560 ವ್ಯಾಟ್. ಅವನ ಜೊತೆಗೇ ಇರುವ 97 ಕೆಜಿ ಹುಡುಗನದು 850. ತಾಲೀಮಿನ ಗೋಡೆಗೆ ಪಟ್ಟಿ ಅಂಟಿಸಿದ್ದಾರೆ, ದೊಡ್ಡ ನಂಬರ್ ಮೇಲೆ, ಸಣ್ಣದು ಕೆಳಗೆ. ನಮ್ಮವನು ಕೊನೆಯಿಂದ ಎರಡನೆಯವನು. "ಪವರ್ ಇಲ್ಲ, ಮೈ ಬೆಳೆಸು, 65ಕ್ಕೆ ಹೋಗು" ಅಂದಿದ್ದಾರೆ ಕೋಚ್. ಅವತ್ತಿನಿಂದ ಮಗನ ತಟ್ಟೆಯಲ್ಲಿ ಎಣಿಸದಷ್ಟು ರೊಟ್ಟಿ, ಅವರಮ್ಮ ಮೇಲಿಂದ ತುಪ್ಪ ಸುರಿಯುತ್ತಿದ್ದಾಳೆ. ಈ ನಂಬರಿಗೆ ಎಷ್ಟು ಬೆಲೆ ಕೊಡಬೇಕು? ತಿಳಿದವರು ಹೇಳಿ.

ಹಳೆ ಮಟ್ಟಿ

ಕೋಚ್ ಹೇಳಿದ್ದರಲ್ಲಿ ತಪ್ಪೇನಿದೆ? ನಾನು ಬೆಳಗಾವಿ ಕಡೆಯವನು, ಪುಣೆಗೆ ಬಂದು ಕೂದಲು ಬೆಳ್ಳಗಾಯಿತು. ಜಾತ್ರೆ ಕುಸ್ತಿ ನೋಡಿದ್ದೀರಲ್ಲ? ಸಣ್ಣ ಹುಡುಗರು ಮಧ್ಯಾಹ್ನದ ಬಿಸಿಲಲ್ಲಿ ಆಡಿ ಐವತ್ತೋ ನೂರೋ ತಗೊಂಡು ಹೋಗುತ್ತಾರೆ. ಹೊತ್ತು ಇಳಿದ ಮೇಲೆ ದೊಡ್ಡ ಪೈಲ್ವಾನರು ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿಗೆ, ಇಳಿಯುತ್ತಾರೆ. ಆಗ ಹಲಗೆ ಬಡಿತ ಜೋರಾಗುತ್ತದೆ, ಜನ ಎದ್ದು ನಿಲ್ಲುತ್ತಾರೆ. ದೊಡ್ಡ ಇನಾಮು ಅವರಿಗೇ. ಮಹಾರಾಷ್ಟ್ರ ಕೇಸರಿ ಕುಸ್ತಿ ಪಂದ್ಯ ತಗೊಳ್ಳಿ. ಮಣ್ಣಿನಲ್ಲಿ ಗೆದ್ದವನು ಮತ್ತು ಮ್ಯಾಟ್ ಮೇಲೆ ಗೆದ್ದವನು ಫೈನಲ್‌ನಲ್ಲಿ ಎದುರಾಗುತ್ತಾರೆ, ಗದೆ ಒಬ್ಬನ ಹೆಗಲ ಮೇಲೆ. ಅದರಲ್ಲಿ 57 ಕೆಜಿಯವನಿಗೆ ಎಲ್ಲಿದೆ ಜಾಗ? ಹಾಲು, ಬದಾಮಿ, ತುಪ್ಪ, ದಂಡ, ಬೈಠಕ್. ಮೈ ಇದ್ದರೆ ಪಟ್ಟು ತಾನಾಗಿ ಕೂರುತ್ತದೆ.

ಕೋಥ್ರೂಡ್ ಫಿಸಿಯೋ

ಭೋಸರಿ ಅಣ್ಣ, ಮೊದಲು ಆ ಪಟ್ಟಿಯನ್ನು ಗೋಡೆಯಿಂದ ತೆಗೆಸಿ. ಸಿಟ್ಟಿಗೆ ಹೇಳುತ್ತಿಲ್ಲ. 57 ಕೆಜಿಯವನನ್ನೂ 97 ಕೆಜಿಯವನನ್ನೂ ಬರೀ ವ್ಯಾಟ್ ನೋಡಿ ಸಾಲಾಗಿ ನಿಲ್ಲಿಸಿದರೆ ಅದು ತೂಕದ ಪಟ್ಟಿಯೇ ಹೊರತು ತಾಕತ್ತಿನ ಪಟ್ಟಿ ಅಲ್ಲ. ಮೈ ದೊಡ್ಡದಾದರೆ ಸ್ನಾಯು ಜಾಸ್ತಿ, ಸ್ನಾಯು ಜಾಸ್ತಿ ಆದರೆ ವ್ಯಾಟ್ ಜಾಸ್ತಿ. ಇದಕ್ಕೆ ಟೆಸ್ಟೇ ಬೇಡ, ತಕ್ಕಡಿ ಸಾಕು.

ಟೆಸ್ಟ್ ಏನು ಅಳೆಯುತ್ತದೆ ಅಂತ ಹೇಳುತ್ತೇನೆ. 1970ರ ದಶಕದಲ್ಲಿ ಇಸ್ರೇಲಿನ ವಿಂಗೇಟ್ ಸಂಸ್ಥೆಯಲ್ಲಿ ರೂಪಿಸಿದ್ದು. ಮೈತೂಕದ 7.5 ಶೇಕಡಾ ಭಾರವನ್ನು ಚಕ್ರದ ಬ್ರೇಕಿಗೆ ಹಾಕುವುದು ರೂಢಿ. ನಿಮ್ಮ ಮಗನಿಗೆ ಸುಮಾರು 4.3 ಕೆಜಿ, ಆ ದೊಡ್ಡ ಹುಡುಗನಿಗೆ ಸುಮಾರು 7.3. ಅತಿ ಹೆಚ್ಚು ವ್ಯಾಟ್ ಬಂದ 5 ಸೆಕೆಂಡಿನ ಸರಾಸರಿಯೇ ಪೀಕ್. ಪೂರ್ತಿ 30 ಸೆಕೆಂಡಿನದು ಮೀನ್ ಪವರ್. ಪೀಕಿನಿಂದ ಎಷ್ಟು ಕುಸಿದ ಅನ್ನುವುದು ಫಟೀಗ್ ಇಂಡೆಕ್ಸ್.

ಮೊದಲ ಕೆಲವು ಸೆಕೆಂಡಿಗೆ ಸ್ನಾಯುವಿನಲ್ಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಸಾಕು. ಆಮೇಲೆ ಆಮ್ಲಜನಕ ಕಾಯದೆ ಸಕ್ಕರೆ ಉರಿಯಬೇಕು, ಆಗ ಲ್ಯಾಕ್ಟೇಟ್ ಏರುತ್ತದೆ, ತೊಡೆ ಕಲ್ಲಾಗುತ್ತದೆ. ಕುಸ್ತಿ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಾಲಿಗೆ ನುಗ್ಗಿ ಎತ್ತಿ ಹಾಕುವುದು ಮೊದಲ ಬಗೆ. ಎದುರಾಳಿ ಕೆಳಗೆ ಕವುಚಿ ಬಿದ್ದಾಗ ಬಿಡದೆ ಹಿಡಿದು ತಿರುಗಿಸಲು ಒದ್ದಾಡುವುದು ಎರಡನೇ ಬಗೆ.

ಒಂದು ಪ್ರಶ್ನೆ. ರಿಪೋರ್ಟಿನಲ್ಲಿ ಇಬ್ಬರ ಕೊಬ್ಬಿನ ಪ್ರಮಾಣ ಇದೆಯಾ? ಮೀನ್ ಪವರ್ ಎಷ್ಟು?

ಭೋಸರಿ ಅಪ್ಪ

ಇದೆ ಅಕ್ಕ. ಮಗನ ಕೊಬ್ಬು 9 ಶೇಕಡಾ, ಮೀನ್ ಪವರ್ 450. ಆ ಹುಡುಗನ ಅಪ್ಪನೂ ನಮ್ಮ ಫ್ಯಾಕ್ಟರಿಯವನೇ, ಕೇಳಿ ಬರೆದುಕೊಂಡೆ: 18 ಶೇಕಡಾ, 640. ಚರ್ಮ ಚಿಮುಟಿ ಅಳೆದರಂತೆ. ಕೊನೆಗೆ ಮಗನದು 340ಕ್ಕೆ ಇಳಿದಿದೆ, ಅವನದು 430ಕ್ಕೆ.

ಹಿಂಜವಡಿ ಲೆಕ್ಕ

ನಾನು ಕುಸ್ತಿ ಆಡಿದವನಲ್ಲ, ಶಾಲೆಯಲ್ಲಿ ಸ್ವಲ್ಪ ದಿನ ಜೂಡೋ, ಈಗ ಬರೀ ಎಕ್ಸೆಲ್. ಆದರೂ ಲೆಕ್ಕ ಹಾಕಿದೆ, ಮಜಾ ಇದೆ ನೋಡಿ.

ಬರೀ ವ್ಯಾಟ್: 560 ಮತ್ತು 850. ದೊಡ್ಡವನು ಮುಂದೆ.

ತೂಕದಿಂದ ಭಾಗಿಸಿದರೆ ನಿಮ್ಮ ಮಗನದು ಕೆಜಿಗೆ 9.8, ಅವನದು 8.8. ಸಣ್ಣವನು ಮುಂದೆ.

ಕೊಬ್ಬು ಬಿಟ್ಟು ಉಳಿದ ತೂಕದಿಂದ ಭಾಗಿಸಿದರೆ? ಮಗನದು ಸುಮಾರು 51.9 ಕೆಜಿ, ಅವನದು 79.5. ಕೆಜಿಗೆ 10.8 ಮತ್ತು 10.7. ಇಬ್ಬರೂ ಸಮ!

ಇನ್ನೊಂದು ಲೆಕ್ಕ ಇದೆ. ಸ್ನಾಯುವಿನ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ನಂಬಿದೆ, ಅಂದರೆ ಉದ್ದದ ವರ್ಗ. ತೂಕ ಬೆಳೆಯುವುದು ಉದ್ದದ ಘನದಲ್ಲಿ. ಹಾಗಾಗಿ ತೂಕ ಎರಡರಷ್ಟಾದರೆ ಬಲ ಎರಡರಷ್ಟಾಗುವುದಿಲ್ಲ, ಸುಮಾರು 1.6ರಷ್ಟಾಗುತ್ತದೆ. ಅದಕ್ಕೇ ಕೆಲವರು ವ್ಯಾಟನ್ನು ನೇರ ತೂಕದಿಂದ ಭಾಗಿಸುವ ಬದಲು ತೂಕದ ಮೂರನೇ ಎರಡರ ಘಾತದಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ನಿಮ್ಮ ಮಗನಿಗೆ 37.8, ಅವನಿಗೆ 40.3. ಮತ್ತೆ ದೊಡ್ಡವನು ಮುಂದೆ.

ಅದೇ ಇಬ್ಬರು, ಅದೇ ಸೈಕಲ್, ಅದೇ 30 ಸೆಕೆಂಡ್. ಹೇಗೆ ಭಾಗಿಸುತ್ತೀರಿ ಅನ್ನುವುದರ ಮೇಲೆ ಗೆದ್ದವನು ಬದಲಾಗುತ್ತಾನೆ.

ಮಾಟುಂಗಾ ಮಾಮ

ಸೈಕಲ್ ರೇಸಿಗೆ ಕಳಿಸುತ್ತಿದ್ದೀರೋ ಕುಸ್ತಿಗೋ?

ಕೋಥ್ರೂಡ್ ಫಿಸಿಯೋ

ಮಾಮ, ತಮಾಷೆಗೆ ಹೇಳಿದರೂ ವಿಷಯ ಇದೆ. ಕಾಲಿನ ಟೆಸ್ಟ್ ಕುಸ್ತಿಯ ಅರ್ಧ ಭಾಗವನ್ನಷ್ಟೇ ನೋಡುತ್ತದೆ. ಹಿಡಿತ, ಎಳೆತ, ಕುತ್ತಿಗೆ ಒತ್ತುವುದು ಎಲ್ಲ ಮೇಲಿನ ಮೈಯ ಕೆಲಸ. ಕೈಯಲ್ಲಿ ಪೆಡಲ್ ತಿರುಗಿಸುವ ವಿಂಗೇಟೂ ಇದೆ, ಕಮ್ಮಿ ಭಾರ ಹಾಕುತ್ತಾರೆ. ಸಾಧ್ಯವಾದರೆ ಅದನ್ನೂ ಮಾಡಿಸಬೇಕು.

ಹಿಂಜವಡಿಯವರ ಲೆಕ್ಕ ಸರಿ ಇದೆ. ಎರಡು ಮಾತು ಸೇರಿಸುತ್ತೇನೆ. ಚರ್ಮ ಚಿಮುಟಿ ತೆಗೆದ ಕೊಬ್ಬಿನ ಅಂಕಿ ಎರಡು ಮೂರು ಶೇಕಡಾ ಆಚೆ ಈಚೆ ಆಗುವುದು ಸಾಮಾನ್ಯ, ಅಳೆಯುವ ಕೈ ಬದಲಾದರೆ ಇನ್ನೂ ಜಾಸ್ತಿ. ಹಾಗಾಗಿ 10.8 ಮತ್ತು 10.7ರ ನಡುವೆ ವ್ಯತ್ಯಾಸ ಹುಡುಕಬೇಡಿ. ಇನ್ನೊಂದು, ಬ್ರೇಕಿನ ಭಾರ ಹಾಕುವುದು ಒಟ್ಟು ಮೈತೂಕ ನೋಡಿ. ಕೊಬ್ಬು ಪೆಡಲ್ ತುಳಿಯುವುದಿಲ್ಲ, ಆದರೆ ಅದರ ಪಾಲಿನ ಭಾರವನ್ನೂ ಸ್ನಾಯುವೇ ಎಳೆಯಬೇಕು. ಕೊಬ್ಬು ಜಾಸ್ತಿ ಇದ್ದವನಿಗೆ ಅದೇ 7.5 ಶೇಕಡಾ ಇನ್ನಷ್ಟು ಭಾರವಾಗಿ ಬೀಳುತ್ತದೆ. ಚೆನ್ನಾಗಿ ಪಳಗಿದ ಸಣ್ಣ ಹುಡುಗನಿಗೆ ಅದೇ ಭಾರ ಹಗುರ ಆಗಿ, ಪೀಕ್ ನಿಜಕ್ಕಿಂತ ಕಮ್ಮಿ ಬರಬಹುದು.

ಫಟೀಗ್ ಇಂಡೆಕ್ಸ್ ನೋಡಿ ಮಗನನ್ನು ಹೊಗಳುವುದೂ ಬೇಡ. ಅವನು ಸುಮಾರು 39 ಶೇಕಡಾ ಕುಸಿದ, ದೊಡ್ಡವನು 49. ಮೊದಲಿಗೇ ಮೇಲೆ ಹತ್ತಿದವನು ಜಾಸ್ತಿ ಇಳಿಯುತ್ತಾನೆ. ಮೊದಲ ಐದು ಸೆಕೆಂಡ್ ಮೈಗಳ್ಳತನ ಮಾಡಿದವನ ಇಂಡೆಕ್ಸ್ ಬಲು ಚೆಂದ ಬರುತ್ತದೆ, ನಾನೇ ನೋಡಿದ್ದೇನೆ.

ಹಳೆ ಮಟ್ಟಿ

ಲೆಕ್ಕ ಎಲ್ಲ ಸರಿ ತಂಗಿ. ಮಟ್ಟಿಗೆ ಇಳಿದಾಗ ಎದುರಿನವನ ಮೈ ಮೇಲೆ ಬೀಳುತ್ತದಲ್ಲ, ಅದನ್ನು ಕೆಜಿಯಿಂದ ಭಾಗಿಸಿ ಬೀಳುತ್ತಾನಾ?

ಕೋಥ್ರೂಡ್ ಫಿಸಿಯೋ

ಇಲ್ಲ ಕಾಕಾ, ಒಳ್ಳೆ ಮಾತು. ತೂಕದ ಕಟ್ಟು ಇಲ್ಲದ ಮಣ್ಣಿನ ಕುಸ್ತಿಯಲ್ಲಿ ಬರೀ ವ್ಯಾಟ್ ಮುಖ್ಯ, ಅಲ್ಲಿ ನೀವು ಹೇಳಿದ್ದೇ ಸರಿ. ಆದರೆ ಈ ಹುಡುಗ ಆಡುವುದು ತೂಕದ ವಿಭಾಗದಲ್ಲಿ. ಎದುರಿನವನೂ 57. ಅಲ್ಲಿ ಕೆಜಿಗೆ ಎಷ್ಟು ಅನ್ನುವುದೇ ಆಟ.

ಹಿಂಜವಡಿ ಲೆಕ್ಕ

ಭಾರ ಎತ್ತುವವರಲ್ಲಿ ಇದು ಕಣ್ಣಿಗೆ ಕಾಣುತ್ತದೆ. 1988ರ ಸೋಲ್ ಒಲಿಂಪಿಕ್ಸಿನಲ್ಲಿ ನಯಿಮ್ ಸುಲೇಮಾನೊಗ್ಲು 60 ಕೆಜಿ ವಿಭಾಗದಲ್ಲಿ ಕ್ಲೀನ್ ಅಂಡ್ ಜರ್ಕ್ (ಮೊದಲು ಭುಜಕ್ಕೆ, ಆಮೇಲೆ ತಲೆ ಮೇಲೆ ಎತ್ತುವುದು) 190 ಕೆಜಿ ಎತ್ತಿದ್ದ. ಮೈತೂಕದ ಮೂರರಷ್ಟಕ್ಕಿಂತ ಜಾಸ್ತಿ! ಲಾಶಾ ತಲಖಾಡ್ಜೆ 2021ರಲ್ಲಿ ಅದೇ ಬಗೆಯಲ್ಲಿ 267 ಕೆಜಿ ಎತ್ತಿದ, ಲೋಕದಲ್ಲೇ ಅತಿ ಹೆಚ್ಚು. ಆದರೆ ಅದು ಅವನ ತೂಕದ ಸುಮಾರು ಒಂದೂವರೆಯಷ್ಟು ಮಾತ್ರ. ಇವರಿಬ್ಬರಲ್ಲಿ ಯಾರು ಗಟ್ಟಿ ಅಂತ ಜಗಳ ಆಗಬಾರದು ಅಂತಲೇ ಅಲ್ಲಿ ಬೇರೆ ಬೇರೆ ತೂಕದವರನ್ನು ಹೋಲಿಸುವ ಸಿಂಕ್ಲೇರ್ ಅನ್ನುವ ಲೆಕ್ಕ ಇಟ್ಟುಕೊಂಡಿದ್ದಾರೆ. ಕುಸ್ತಿ ತಾಲೀಮುಗಳಲ್ಲಿ ಅಂಥದ್ದನ್ನು ಯಾರೂ ಇಟ್ಟುಕೊಂಡ ಹಾಗೆ ಕಾಣೆ.

65ಕ್ಕೆ ಹೋದರೆ ಏನಾಗುತ್ತದೆ ಅಂತಲೂ ಹಾಕಿ ನೋಡಿದೆ. ತುಪ್ಪದ ದಾರಿಯಲ್ಲಿ 8 ಕೆಜಿ ಬಂತು ಅಂತಿಟ್ಟುಕೊಳ್ಳಿ, ಅರ್ಧ ಸ್ನಾಯು, ಅರ್ಧ ಕೊಬ್ಬು. ಸ್ನಾಯುವಿನ ಗುಣ ಅದೇ ಇದ್ದರೆ ಪೀಕ್ ಸುಮಾರು 603 ವ್ಯಾಟ್ ಆಗುತ್ತದೆ. ಗೋಡೆ ಪಟ್ಟಿಯಲ್ಲಿ ಮೇಲೆ ಏರುತ್ತಾನೆ, ಕೋಚ್ ಬೆನ್ನು ತಟ್ಟುತ್ತಾರೆ. ಆದರೆ ಕೆಜಿಗೆ 9.8 ಇದ್ದದ್ದು 9.3ಕ್ಕೆ ಇಳಿಯಿತು. ಎದುರಿಗೆ ಬರುವವರೋ, ದಿನಾ 69, 70 ತೂಗಿ, ಆಟದ ದಿನಕ್ಕೆ ಮೈಯ ನೀರು ಇಳಿಸಿ 65ಕ್ಕೆ ಬಂದವರು.

ಡೊಂಬಿವ್ಲಿ ಜೂಡೋ

ನಾನು ಮಕ್ಕಳಿಗೆ ಜೂಡೋ ಕಲಿಸುತ್ತೇನೆ. ಲ್ಯಾಬ್ ಟೆಸ್ಟಿಗೆ ನಮ್ಮಲ್ಲಿ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ನಾವು ಮ್ಯಾಟ್ ಮೇಲೆ ಮಾಡುವುದು ಸ್ಪೆಷಲ್ ಜೂಡೋ ಫಿಟ್ನೆಸ್ ಟೆಸ್ಟ್. ಪೋಲೆಂಡಿನ ಸ್ಟೆರ್ಕೋವಿಚ್ 1995ರಲ್ಲಿ ಪ್ರಕಟಿಸಿದ್ದು. ಹೆಚ್ಚು ಕಮ್ಮಿ ಸಮ ತೂಕದ ಇಬ್ಬರು 6 ಮೀಟರ್ ದೂರದಲ್ಲಿ ನಿಲ್ಲುತ್ತಾರೆ. ಟೆಸ್ಟ್ ಕೊಡುವವನು ನಡುವೆ. ಒಬ್ಬನ ಹತ್ತಿರ ಓಡಿ ಹೆಗಲ ಮೇಲಿಂದ ಎಸೆದು, ತಿರುಗಿ ಇನ್ನೊಬ್ಬನ ಹತ್ತಿರ ಓಡಬೇಕು. 15 ಸೆಕೆಂಡ್, 30 ಸೆಕೆಂಡ್, ಮತ್ತೆ 30 ಸೆಕೆಂಡ್, ನಡುವೆ ಹತ್ತು ಹತ್ತು ಸೆಕೆಂಡ್ ಬಿಡುವು. ಒಟ್ಟು ಎಸೆತ ಎಣಿಸಿ. ಮುಗಿದ ಕೂಡಲೇ ನಾಡಿ ಬಡಿತ, ಒಂದು ನಿಮಿಷ ಬಿಟ್ಟು ಮತ್ತೊಮ್ಮೆ. ಎರಡನ್ನೂ ಕೂಡಿಸಿ ಎಸೆತದಿಂದ ಭಾಗಿಸಿ. ಬಡಿತ 182 ಮತ್ತು 154, ಎಸೆತ 26 ಆದರೆ 12.9. ಕಮ್ಮಿ ಬಂದಷ್ಟೂ ಒಳ್ಳೆಯದು.

ಇಲ್ಲೂ ಮೈಯ ಆಟ ತಪ್ಪಿದ್ದಲ್ಲ. 100 ಕೆಜಿಯವನು ಎಸೆಯಬೇಕಾದದ್ದೂ 100 ಕೆಜಿಯವನನ್ನೇ, ಓಡಬೇಕಾದ್ದೂ ಆ ಮೈ ಹೊತ್ತೇ. ದೊಡ್ಡವರ ಎಸೆತ ಯಾವತ್ತೂ ಕಮ್ಮಿ. ಹಾಗಾಗಿ ನಾನು 60 ಕೆಜಿಯವನ ಅಂಕಿ ಪಕ್ಕದಲ್ಲಿ 100 ಕೆಜಿಯವನದು ಬರೆಯುವುದೇ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ನೋಟ್‌ಬುಕ್ಕು. ಜೂನ್‌ನಲ್ಲಿ ಎಷ್ಟು, ಸೆಪ್ಟೆಂಬರ್‌ನಲ್ಲಿ ಎಷ್ಟು, ಅಷ್ಟೇ.

ನೀರು ಇಳಿಸುವ ಮಾತು ಬಂತಲ್ಲ, ಅದನ್ನು ಸುಮ್ನೆ ಬಿಡಬೇಡಿ. ಟೆಸ್ಟ್ ದಿನ ಹುಡುಗ ನೀರು ಕುಡಿದಿದ್ದನಾ?

ಭೋಸರಿ ಅಪ್ಪ

ಕೇಳಿದೆ ಸರ್. ಹಿಂದಿನ ದಿನ ರಾತ್ರಿ ಊಟ ಕಮ್ಮಿ, ಬೆಳಿಗ್ಗೆ ಬರೀ ಒಂದು ಲೋಟ ಹಾಲು. ತೂಕ 57 ತೋರಿಸಬೇಕು ಅಂತ ನೀರು ಬಿಟ್ಟಿದ್ದನಂತೆ. ದಿನಾ ತೂಕ ಸುಮಾರು 59. ಸ್ಪರ್ಧೆಯೇ ಅಲ್ಲ, ಟೆಸ್ಟಿಗೆ ಯಾಕೋ ಅಂದರೆ "ಪಟ್ಟಿಯಲ್ಲಿ ತೂಕನೂ ಬರೆಯುತ್ತಾರೆ ಅಪ್ಪಾ" ಅಂದ.

ಕೋಥ್ರೂಡ್ ಫಿಸಿಯೋ

ಅಯ್ಯೋ. ಹಾಗಾದರೆ ಆ ರಿಪೋರ್ಟಿಗೆ ಅರ್ಧ ಬೆಲೆ ಮಾತ್ರ. ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಪ್ರತಿ ಗ್ರಾಮಿಗೂ ಸುಮಾರು ಮೂರು ಗ್ರಾಂ ನೀರನ್ನು ಜೊತೆಗೆ ಇಟ್ಟುಕೊಂಡಿರುತ್ತದೆ. ಊಟ ಬಿಟ್ಟರೆ ಎರಡೂ ಹೋಗುತ್ತವೆ. ತಕ್ಕಡಿ ಮೇಲೆ ಚೆಂದ ಕಾಣುತ್ತದೆ. ಒಂದೇ ಒಂದು ಸಲ ಐದು ಸೆಕೆಂಡ್ ಜೋರು ಮಾಡಲು ಅಷ್ಟೇನೂ ತೊಂದರೆ ಆಗದೇ ಇರಬಹುದು. ಮತ್ತೆ ಮತ್ತೆ ಜೋರು ಮಾಡಬೇಕಾದಾಗ ಬಣ್ಣ ಬಯಲಾಗುತ್ತದೆ. ಕುಸ್ತಿ ಅಂದರೆ ಮೂರು ನಿಮಿಷ, 30 ಸೆಕೆಂಡ್ ಬಿಡುವು, ಮತ್ತೆ ಮೂರು ನಿಮಿಷ. ಅದೂ ದಿನಕ್ಕೆ ಒಂದೇ ಅಲ್ಲ.

ಇನ್ನೊಂದು ಕಿತಾಪತಿ ನೋಡಿ. ಒಣಗಿದ ಮೈಗೆ ಕೆಜಿಗೆ ವ್ಯಾಟ್ ಜಾಸ್ತಿ ತೋರುತ್ತದೆ! 560ನ್ನು 59ರಿಂದ ಭಾಗಿಸಿದರೆ 9.5, 57ರಿಂದ ಭಾಗಿಸಿದರೆ 9.8. ಎರಡು ಕೆಜಿ ನೀರು ಕಳೆದುಕೊಂಡು ಕಾಗದದ ಮೇಲೆ ಗಟ್ಟಿಯಾದ.

ಡೊಂಬಿವ್ಲಿ ಜೂಡೋ

ಇಲ್ಲಿ ಒಂದು ಕಡೆ, ಹೆಸರು ಬೇಡ, ಹದಿನೈದರ ಹುಡುಗರಿಗೆ ಮೇ ತಿಂಗಳ ಮುಂಬಯಿ ಸೆಕೆಯಲ್ಲಿ ಪ್ಲಾಸ್ಟಿಕ್ ಜಾಕೆಟ್ ತೊಡಿಸಿ ಓಡಿಸುವುದನ್ನು ಕಣ್ಣಾರೆ ನೋಡಿದ್ದೇನೆ. 1997ರಲ್ಲಿ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿ ಹುಡುಗರು ಹೀಗೇ ತೂಕ ಇಳಿಸುತ್ತಾ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ರಬ್ಬರ್ ಸೂಟ್, ಸೌನಾ ಎರಡನ್ನೂ ನಿಲ್ಲಿಸಿದರು.

2024ರ ಪ್ಯಾರಿಸ್ ಎಲ್ಲರಿಗೂ ನೆನಪಿದೆ. ವಿನೇಶ್ ಫೋಗಟ್ ಮೊದಲ ದಿನ ಮೂರು ಕುಸ್ತಿ ಗೆದ್ದು, ಎರಡನೇ ದಿನ ಬೆಳಿಗ್ಗೆ 50 ಕೆಜಿಗೆ 100 ಗ್ರಾಂ ಜಾಸ್ತಿ ಬಂದರು, ಫೈನಲ್ ಕೈ ತಪ್ಪಿತು. ಅದೇ ಒಲಿಂಪಿಕ್ಸಿನಲ್ಲಿ ಅಮನ್ ಸೆಹ್ರಾವತ್ ರಾತ್ರಿ ಇಡೀ ಬೆವರಿ ಸುಮಾರು ಹತ್ತು ಗಂಟೆಯಲ್ಲಿ 4.6 ಕೆಜಿ ಇಳಿಸಿ 57ರಲ್ಲಿ ಕಂಚು ತಂದ. ಪೇಪರಿನವರು ಅದನ್ನು ಸಾಹಸ ಅಂತ ಬರೆದರು. ನನಗೆ ಓದುವಾಗ ಭಯವೇ ಆಯಿತು. ಅವನ ಸುತ್ತ ಇಡೀ ತಂಡ ಕಾವಲಿತ್ತು, ನಮ್ಮ ಹುಡುಗರ ಸುತ್ತ ಯಾರಿರುತ್ತಾರೆ?

ವಾಸ್ಕೋ ಅಮ್ಮ

ನಡುವೆ ಬಾಯಿ ಹಾಕುತ್ತೇನೆ, ಬೇಜಾರಾಗಬೇಡಿ. ನನ್ನ ಮಗಳು 12 ವರ್ಷ, ಇಲ್ಲಿ ಗೋವಾದಲ್ಲಿ ಟೇಕ್ವಾಂಡೋ. ಅವಳಿಗೂ ಈ ಟೆಸ್ಟ್ ಮಾಡಿಸಬೇಕಾ?

ಕೋಥ್ರೂಡ್ ಫಿಸಿಯೋ

ಬೇಡ ಅಕ್ಕ. ಮಕ್ಕಳಲ್ಲಿ ಈ ಬಗೆಯ ತಾಕತ್ತು ಕೆಜಿ ಲೆಕ್ಕದಲ್ಲೂ ದೊಡ್ಡವರಿಗಿಂತ ಕಮ್ಮಿಯೇ ಇರುತ್ತದೆ, ಮೈ ಬಲಿತ ಹಾಗೆ ಬರುತ್ತದೆ. ಮೊದಲು ಬೆಳೆದ ಹುಡುಗಿ ಮುಂದೆ ಕಾಣುತ್ತಾಳೆ, ನಿಧಾನ ಬೆಳೆಯುವವಳು ಸುಮ್ನೆ ಅಳುತ್ತಾಳೆ. ಆಡಲಿ ಬಿಡಿ.

ಹಳೆ ಮಟ್ಟಿ

ನೀರು ಬಿಡಿಸುವುದಕ್ಕೆ ನಾನೂ ವಿರೋಧವೇ. ನಮ್ಮ ವಸ್ತಾದರು (ಕುಸ್ತಿ ಗುರುಗಳು) ಬಾಯಾರಿದವನನ್ನು ಮಟ್ಟಿಗೆ ಇಳಿಸುತ್ತಿರಲಿಲ್ಲ. ಆದರೆ ಭೋಸರಿಯವರೇ, ಮನೆಗೆ ದುಡ್ಡು ಬರುವುದು ಜಾತ್ರೆಯಿಂದ, ಇಲ್ಲ ನೌಕರಿಯಿಂದ. 57ರವನಿಗೆ ಎರಡೂ ಕಷ್ಟ. ಇದನ್ನು ಲೆಕ್ಕದವರು ಹೇಳುವುದಿಲ್ಲ.

ಭೋಸರಿ ಅಪ್ಪ

ಅದು ನಿಜ ಕಾಕಾ. ಜಾತ್ರೆ ದುಡ್ಡಿನ ಆಸೆ ನನಗೂ ಇದೆ, ಇಲ್ಲ ಅನ್ನುವುದಿಲ್ಲ. ಖುರಾಕಿನ, ಅಂದರೆ ಪೈಲ್ವಾನನ ಊಟದ, ಖರ್ಚು ತಿಂಗಳ ಪಗಾರದಲ್ಲಿ ದೊಡ್ಡ ಪಾಲು ತಿನ್ನುತ್ತದೆ.

ಮಾಟುಂಗಾ ಮಾಮ

ಹಳೆ ಮಟ್ಟಿ ಅವರಿಗೆ ಒಂದು ಮಾತು. ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ತಂದವರು ಯಾರು? ಕರಾಡ ಹತ್ತಿರದ ಗೋಳೇಶ್ವರದ ಖಾಶಾಬಾ ಜಾಧವ್. 1952, ಹೆಲ್ಸಿಂಕಿ, 57 ಕೆಜಿ. ಮಗನದೇ ತೂಕ! ಅದಕ್ಕೂ ಮುಂಚೆ 1948ರ ಲಂಡನ್ನಿನಲ್ಲಿ ಅವರು ಆಡಿದ್ದು 52ರಲ್ಲಿ, ಆರನೇ ಸ್ಥಾನ. ನಾಲ್ಕು ವರ್ಷದಲ್ಲಿ ಒಂದು ಮೆಟ್ಟಿಲು ಹತ್ತಿದರು. ಒಂದೇ.

ಡೊಂಬಿವ್ಲಿ ಜೂಡೋ

ಪುಣೆಯಲ್ಲೇ ಪಳಗಿದ ರಾಹುಲ್ ಅವಾರೆಯನ್ನೂ ನೋಡಿ. 2018ರ ಕಾಮನ್‌ವೆಲ್ತ್‌ನಲ್ಲಿ 57ರಲ್ಲಿ ಚಿನ್ನ, ಮರು ವರ್ಷ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ 61ರಲ್ಲಿ ಕಂಚು. ಮಹಾರಾಷ್ಟ್ರ ಪೊಲೀಸ್‌ನಲ್ಲಿ ಡಿವೈಎಸ್‌ಪಿ ಹುದ್ದೆಯೂ ಸಿಕ್ಕಿತು. ನೌಕರಿ ಸಿಗುವುದಿಲ್ಲ ಅನ್ನಬೇಡಿ ಕಾಕಾ.

65 ಅಂತ ಹಾರುವ ಮೊದಲು 61 ಇದೆ ಅನ್ನುವುದನ್ನು ಕೋಚಿಗೆ ನೆನಪಿಸಿ. ಒಲಿಂಪಿಕ್ಸಿನಲ್ಲಿ ಆ ವಿಭಾಗ ಇಲ್ಲ ನಿಜ, ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ಇದೆ, 20ರ ಒಳಗಿನವರಿಗೂ ಇದೆ. ದಿನಾ 59 ತೂಗುವ ಹುಡುಗ ನೀರು ಕುಡಿದುಕೊಂಡೇ ಅಲ್ಲಿ ಆಡಬಹುದು.

ಹಳೆ ಮಟ್ಟಿ

61 ಆದರೆ ನಾನೂ ಒಪ್ಪುತ್ತೇನೆ. ತುಪ್ಪ ಮಾತ್ರ ಪೂರ್ತಿ ನಿಲ್ಲಿಸಬೇಡಿ ಮಾರಾಯ್ರೆ.

ಭೋಸರಿ ಅಪ್ಪ

ಇವತ್ತು ಸಂಜೆ ತಾಲೀಮಿಗೆ ಹೋಗಿದ್ದೆ. ಹಿಂಜವಡಿಯವರ ನಾಲ್ಕು ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದು ಕೋಚ್ ಮುಂದೆ ಇಟ್ಟೆ. ಮೊದಲು ಮುಖ ಗಂಟು ಹಾಕಿಕೊಂಡರು. ಎರಡು ಸಲ ಓದಿದರು. ಆಮೇಲೆ 97ರ ಹುಡುಗನನ್ನು ಕರೆದು, "ನಿನ್ನ ಕೊಬ್ಬು ಎಷ್ಟಂತೆ?" ಅಂತ ಕೇಳಿದರು. ಪಾಪ ಅವನು. ಪಟ್ಟಿ ತೆಗೆಯಲಿಲ್ಲ, ಆದರೆ ಇನ್ನು ಮುಂದೆ ವಿಭಾಗವಾರು ಬರೆಯುತ್ತೇನೆ ಅಂದರು. 61ರ ಬಗ್ಗೆ ಈ ಸೀಸನ್ ಮುಗಿಯಲಿ ನೋಡೋಣ ಅಂದಿದ್ದಾರೆ. ಎರಡು ತಿಂಗಳು ಬಿಟ್ಟು ಮತ್ತೆ ಟೆಸ್ಟ್. ಏನೇನು ನೋಡಿಕೊಳ್ಳಬೇಕು ಅಕ್ಕ?

ಕೋಥ್ರೂಡ್ ಫಿಸಿಯೋ

ಹಿಂದಿನ ದಿನ ಬೈಠಕ್, ಭಾರದ ಕಸರತ್ತು ಬೇಡ. ರಾತ್ರಿ ಹೊಟ್ಟೆ ತುಂಬ ಅನ್ನ ಅಥವಾ ರೊಟ್ಟಿ, ಬೆಳಿಗ್ಗೆ ಎರಡು ಮೂರು ಗಂಟೆ ಮೊದಲೇ ಹಗುರ ತಿಂಡಿ, ನೀರು ಎಂದಿನಂತೆ. ಹೋದ ಸಲ ಯಾವ ಹೊತ್ತಿಗೆ ಮಾಡಿದ್ದರೋ ಅದೇ ಹೊತ್ತು, ಅದೇ ಸೀಟಿನ ಎತ್ತರ, ಬ್ರೇಕಿಗೆ ಅದೇ 4.3 ಕೆಜಿ. ಕೊಬ್ಬು ಅಳೆಯುವವರೂ ಅದೇ ವ್ಯಕ್ತಿ ಆದರೆ ಒಳ್ಳೆಯದು. ತೂಕವನ್ನು ಟೆಸ್ಟಿಗೆ ಸ್ವಲ್ಪ ಮುಂಚೆ, ನೀರು ಕುಡಿದ ಮೇಲೆ ನೋಡಲಿ. ಹೋದ ಸಲ ಹಸಿದು ಒಣಗಿ ಮಾಡಿದ್ದರಿಂದ ಈ ಸಲದ್ದನ್ನೇ ಮೊದಲನೇದು ಅಂತ ಇಟ್ಟುಕೊಳ್ಳಿ.

ಮೀನ್ ಪವರ್ ಏರಿತಾ ನೋಡಿ, ಪೀಕ್ ಆಮೇಲೆ. ಇನ್ನೂ ಒಳ್ಳೆಯದು ಅಂದರೆ ನಾಲ್ಕು ನಿಮಿಷ ಬಿಟ್ಟು ಎರಡನೇ ಸಲ ತುಳಿಸಿ. ಎರಡನೇ ಸಲ ಎಷ್ಟು ಉಳಿಯಿತು ಅನ್ನುವುದು ಅವನ ಕುಸ್ತಿಗೆ ಹತ್ತಿರ. ಅದಕ್ಕೆ ದಮ್ಮು ಬೇಕು, ಬೆಳಗಿನ ಓಟ ತಪ್ಪಿಸಬಾರದು. 30 ಸೆಕೆಂಡಿನ ಟೆಸ್ಟಿನಲ್ಲೇ ಸುಮಾರು ಐದರಲ್ಲಿ ಒಂದು ಪಾಲು ಶಕ್ತಿ ಆಮ್ಲಜನಕದಿಂದ ಬರುತ್ತದೆ, ಆರು ನಿಮಿಷದ ಕುಸ್ತಿಯಲ್ಲಿ ಅದರ ಪಾಲು ಇನ್ನೂ ಜಾಸ್ತಿ.

ಹಿಂಜವಡಿ ಲೆಕ್ಕ

ತೂಕ, ಕೊಬ್ಬು, ಪೀಕ್, ಮೀನ್ ತುಂಬಿದರೆ ನಾಲ್ಕೂ ಲೆಕ್ಕ ತಾನೇ ಬರುವ ಶೀಟ್ ಮಾಡಿದ್ದೇನೆ. ಬೇಕಾದವರು ಮೆಸೇಜ್ ಮಾಡಿ. ಭೋಸರಿಯವರೇ, ಕೋಚಿಗೆ ಮರಾಠಿಯಲ್ಲಿ ಬೇಕಾ?

ಭೋಸರಿ ಅಪ್ಪ

ಮರಾಠಿಯಲ್ಲೇ ಕಳಿಸಿ. ಪ್ರಿಂಟ್ ನಾನು ಹಾಕಿಸುತ್ತೇನೆ.